ಹಾಡಿಗೆ ಬೇಲಿ: ಅಗ್ಗದ ದೇಶಪ್ರೇಮದ ಕಥೆ

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಧರ್ಮ ಕೇಳಿ ಗುಂಡಿಟ್ಟರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಕೊಲೆಗಡುಕರನ್ನು ತಡೆಯಲು ಹೋದ ಒಬ್ಬ ಬಡ ಮುಸ್ಲಿಂ ಕುದುರೆಯಾಳೂ ಇದ್ದ. ಇಂಥ ಕೃತ್ಯಕ್ಕೆ ಯಾವ ಸಬೂಬೂ ಇಲ್ಲ. ಕೊಂದವರಿಗೂ ಕೊಲ್ಲಿಸಿದವರಿಗೂ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಮೇ 7ರಂದು ಭಾರತೀಯ ಸೇನೆ ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ದಾಳಿ ನಡೆಸಿತು. ಮರುದಿನ, ಮೇ 8ರಂದು, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇನ್ನೊಂದು ರೀತಿಯ ದಾಳಿ ಮಾಡಿತು. ಪಾಕಿಸ್ತಾನ ಮೂಲದ ಸಿನೆಮಾ, ಧಾರಾವಾಹಿ, ಹಾಡು, ಪಾಡ್‌ಕಾಸ್ಟ್ ಎಲ್ಲವನ್ನೂ ಕೂಡಲೇ ನಿಲ್ಲಿಸಬೇಕೆಂದು ಓಟಿಟಿ ಸಂಸ್ಥೆಗಳಿಗೆ ಸೂಚನೆ ಹೊರಡಿಸಿತು. ಮೇ 9ಕ್ಕೆ ತೆರೆಗೆ ಬರಬೇಕಿದ್ದ, ಪಾಕಿಸ್ತಾನದ ನಟನೊಬ್ಬ ಅಭಿನಯಿಸಿದ್ದ 'ಅಬೀರ್ ಗುಲಾಲ್' ಎಂಬ ಹಿಂದಿ ಚಿತ್ರ ಭಾರತದಲ್ಲಿ ಬಿಡುಗಡೆಯಾಗಲಿಲ್ಲ. ಆಚೆ ಕಡೆ ಪಾಕಿಸ್ತಾನದ ಎಫ್‌ಎಂ ರೇಡಿಯೋಗಳು ಅದಕ್ಕೂ ಮೊದಲೇ ಭಾರತದ ಹಾಡುಗಳನ್ನು ನಿಲ್ಲಿಸಿದ್ದವು. ಕ್ಷಿಪಣಿಗಳಿಗಿಂತ ಮೊದಲು ಲತಾ ಮತ್ತು ರಫಿ ಅಲ್ಲಿ ಮೌನವಾದರು.

ಸೇನೆ ಮಾಡಿದ್ದು ಸೇನೆಯ ಕೆಲಸ, ಅದು ಈ ಲೇಖನದ ವಿಷಯವಲ್ಲ. ಹಾಡನ್ನು ನಿಲ್ಲಿಸಿದ್ದರಿಂದ ಯಾವ ಉಗ್ರನಿಗೆ ಏನು ನಷ್ಟವಾಯಿತು ಎಂಬುದು ನಮ್ಮ ಪ್ರಶ್ನೆ. ಇದನ್ನು ದಿಲ್ಲಿಯ ಟಿವಿ ಸ್ಟುಡಿಯೋದಲ್ಲಿ ಕುಳಿತು ಕೇಳುವುದಕ್ಕಿಂತ ನಮ್ಮ ಮುರಗೋಡ, ಬೈಲಹೊಂಗಲ, ಸವದತ್ತಿಯ ಸೀಮೆಯಲ್ಲಿ ನಿಂತು ಕೇಳುವುದು ಒಳ್ಳೆಯದು. ಗಡಿ ದಾಟಿ ಬಂದ ಹಾಡು ಮನುಷ್ಯರನ್ನು ಏನು ಮಾಡುತ್ತದೆ ಎಂಬುದಕ್ಕೆ ಇಲ್ಲಿ ಸಾಕ್ಷಿಗಳಿವೆ.

ಮಲಪ್ರಭೆಯ ಸೀಮೆಯಲ್ಲಿ ಕರ್ಬಲಾ

ಮುರಗೋಡ ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ದಾರಿಯಲ್ಲಿರುವ ಊರು. ಮಹಾಂತ ಶಿವಯೋಗಿಗಳ ಹೆಸರಿನಿಂದ, ಚಿದಂಬರ ದೀಕ್ಷಿತರ ಹೆಸರಿನಿಂದ ಪ್ರಸಿದ್ಧವಾದದ್ದು. ಸುತ್ತಲೂ ಮಲಪ್ರಭೆಯ ಸೀಮೆ. ಒಂದು ಕಡೆ ಸಂಗೊಳ್ಳಿ, ಇನ್ನೊಂದು ಕಡೆ ಸವದತ್ತಿಯ ಯಲ್ಲಮ್ಮನ ಗುಡ್ಡ. 'ಸಂಗ್ಯಾ ಬಾಳ್ಯಾ' ಸಣ್ಣಾಟ ಹುಟ್ಟಿದ್ದು ಬೈಲಹೊಂಗಲದ ನೆಲದ ಕಥೆಯಿಂದ. ಹಾಡು, ಕುಣಿತ, ಬಯಲಾಟ ಇಲ್ಲಿನವರಿಗೆ ರೊಟ್ಟಿಯಷ್ಟೇ ಸಹಜ.

ಇದೇ ಸೀಮೆಯ ಹಳ್ಳಿಗಳಲ್ಲಿ ಮೊಹರಂ ತಿಂಗಳು ಬಂತೆಂದರೆ ಪಂಜಾಗಳನ್ನು ಕೂರಿಸುತ್ತಾರೆ, ಅಲಾವಿ ಕುಣಿ ತೋಡುತ್ತಾರೆ, ಹೆಜ್ಜೆ ಮೇಳದವರು ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಹಾಡುವುದು ರಿವಾಯತ ಪದ. ಆ ಪದಗಳಲ್ಲಿ ಹಸನ್, ಹುಸೇನ್, ಫಾತಿಮಾ, ಯಜೀದ್ ಎಲ್ಲರೂ ಬರುತ್ತಾರೆ. ಅದು ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಘಟನೆ. ಯೂಫ್ರೆಟಿಸ್ ನದಿ ಹತ್ತಿರದಲ್ಲೇ ಹರಿಯುತ್ತಿದ್ದರೂ ಒಂದು ಗುಟುಕು ನೀರಿಲ್ಲದೆ ಪ್ರವಾದಿಯ ಮೊಮ್ಮಗ ಮತ್ತು ಆತನ ಸಂಗಡಿಗರು, ಮಕ್ಕಳುಮರಿ ಸಮೇತ, ಬಾಯಾರಿ ಬಳಲಿದ ಕಥೆ. ಬರಗಾಲ ಕಂಡ ಈ ಸೀಮೆಯ ರೈತನಿಗೆ ಈ ಬಾಯಾರಿಕೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆತ ಅರಬ್ಬಿ ಕಲಿತವನಲ್ಲ, ಇರಾಕಿನ ನಕಾಶೆ ನೋಡಿದವನಲ್ಲ. ಆತ ಅದನ್ನು ತನ್ನ ಕನ್ನಡದಲ್ಲಿ, ತನ್ನ ಡೊಳ್ಳು ಹಲಗೆಗಳ ಲಯದಲ್ಲಿ, ತನ್ನ ಮನೆಯ ಸಾವಿನಂತೆ ಹಾಡುತ್ತಾನೆ.

ಹಾಡುವವರೆಲ್ಲ ಮುಸ್ಲಿಮರೇ? ಅಲ್ಲವೇ ಅಲ್ಲ. ಸವದತ್ತಿ ತಾಲ್ಲೂಕಿನ ಹಿರೇಬಿದನೂರು ಗ್ರಾಮದ ಸುದ್ದಿ 2022ರ ಮೊಹರಂ ಸಮಯದಲ್ಲಿ ದೇಶದ ಪತ್ರಿಕೆಗಳಲ್ಲಿ ಬಂತು. ಆ ಊರಿನಲ್ಲಿ ಒಂದೇ ಒಂದು ಮುಸ್ಲಿಂ ಮನೆ ಇರಲಿಲ್ಲ. ಬಹುಪಾಲು ಕುರುಬರು, ವಾಲ್ಮೀಕಿಗಳು. ಆದರೆ ಊರಿನಲ್ಲಿ ಫಕೀರೇಶ್ವರ ಸ್ವಾಮಿಯ ಮಸೀದಿ ಇದೆ, ಅದಕ್ಕೆ ಹಿಂದೂ ಪೂಜಾರಿ ಇದ್ದಾರೆ, ಮೊಹರಂ ಬಂದರೆ ಐದು ದಿನ ಊರಿಗೆ ಊರೇ ಹಬ್ಬ ಮಾಡುತ್ತದೆ. ಆ ದಿನಗಳಲ್ಲಿ ಪಕ್ಕದ ಊರಿನ ಮೌಲವಿಯೊಬ್ಬರು ಬಂದು ಇದ್ದು ಪ್ರಾರ್ಥನೆ ಸಲ್ಲಿಸುತ್ತಾರೆ, ಉಳಿದ ದಿನ ಪೂಜಾರಿಯದೇ ಸೇವೆ. ಮಸೀದಿಯ ಜೀರ್ಣೋದ್ಧಾರಕ್ಕೆ ಅಲ್ಲಿನ ಶಾಸಕರು 8 ಲಕ್ಷ ರೂಪಾಯಿ ಮಂಜೂರು ಮಾಡಿಸಿದ್ದರು. ಪತ್ರಿಕೆಯವರಿಗೆ ಇದು ಅಚ್ಚರಿಯ ಸುದ್ದಿಯಾಯಿತು. ನಮ್ಮ ಸೀಮೆಯವರಿಗೆ ಆ ಅಚ್ಚರಿಯೇ ಅಚ್ಚರಿ. ಯಾಕೆಂದರೆ ಉತ್ತರ ಕರ್ನಾಟಕದಲ್ಲಿ ಮುಸ್ಲಿಮರೇ ಇಲ್ಲದೆ ಮೊಹರಂ ಮಾಡುವ ಊರು ಇದೊಂದೇ ಅಲ್ಲ.

ಇರಾಕಿನ ಒಂದು ದುಃಖ ಹದಿಮೂರು ಶತಮಾನಗಳ ನಂತರ ಮಲಪ್ರಭೆಯ ಸೀಮೆಯಲ್ಲಿ ಕನ್ನಡದ ಹಾಡಾಗಿ ಬದುಕಿದೆ. ಆ ಹಾಡು ಹಾಡುವ ಕುರುಬರ ಯುವಕ ಇರಾಕಿನವನಾಗಲಿಲ್ಲ, ಮತಾಂತರವಾಗಲಿಲ್ಲ, ತನ್ನ ಬೀರೇಶ್ವರನನ್ನು ಬಿಡಲಿಲ್ಲ. ಅವನ ಊರಿಗೆ ಒಂದು ಹಬ್ಬ ಹೆಚ್ಚಾಯಿತು, ಅವನ ಕನ್ನಡಕ್ಕೆ ಒಂದು ಕಾವ್ಯ ಹೆಚ್ಚಾಯಿತು. ಕಲೆ ಗಡಿ ದಾಟಿದಾಗ ಆಗುವುದು ಇದು. ಗಡಿಯಾಚೆಯ ಹಾಡು ಕೇಳಿದರೆ ದೇಶ ಕರಗಿಹೋಗುತ್ತದೆಂದು ಹೆದರಿಸುವವರು ಒಮ್ಮೆ ಹಿರೇಬಿದನೂರಿಗೆ ಹೋಗಿಬರಲಿ.

ಕುಂದಗೋಳದಿಂದ ಲಾಲಾಮೂಸಾವರೆಗೆ

ಕರ್ಬಲಾ ಹಳೆಯ ಮಾತಾಯಿತು, ಇರಾಕ್ ನಮ್ಮ ಶತ್ರುದೇಶವೂ ಅಲ್ಲ, ಪಾಕಿಸ್ತಾನದ ಮಾತೇ ಬೇರೆ ಎಂದು ಕೆಲವರು ಹೇಳಬಹುದು. ಸರಿ, ಪಾಕಿಸ್ತಾನಕ್ಕೇ ಬರೋಣ.

ಬೆಳಗಾವಿಯಿಂದ ರೈಲು ಹತ್ತಿದರೆ ಮಿರಜ ಸಿಗುತ್ತದೆ. ಅಲ್ಲಿನ ಖ್ವಾಜಾ ಶಮ್ನಾ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಖಾನ್ ಸಾಹೇಬರ ಹುಟ್ಟೂರು ಉತ್ತರ ಪ್ರದೇಶದ ಕೈರಾನಾ. ನೆಲೆಸಿದ್ದು ಮಿರಜದಲ್ಲಿ. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ, ಧಾರವಾಡ, ಕುಂದಗೋಳ ಅವರ ತಂಗುದಾಣಗಳಾದವು. ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣ ಹುಡುಗ ಅವರ ಶಿಷ್ಯನಾದ. ಮುಂದೆ ಆತ ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಗದುಗಿನ ಹುಡುಗ ಭೀಮಸೇನ ಜೋಶಿ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಅಂಥ ಗಾಯನ ಕಲಿಯಬೇಕೆಂಬ ಹಟಕ್ಕೆ ಬಿದ್ದು 1933ರಲ್ಲಿ ಮನೆ ಬಿಟ್ಟು ಓಡಿಹೋದ. ಉತ್ತರ ಭಾರತವನ್ನೆಲ್ಲ ಸುತ್ತಿ, ಜಲಂಧರದವರೆಗೂ ಹೋಗಿ, ಕಡೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಇದೆಲ್ಲ ನಮ್ಮ ಸೀಮೆಯ ಸಂಗೀತಪ್ರಿಯರಿಗೆ ಬಾಯಿಪಾಠ.

ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಅದೇ ಕರೀಂ ಖಾನರ ಮನೆತನದ, ಅವರಲ್ಲೇ ವರ್ಷಗಟ್ಟಲೆ ಕಲಿತ ಇನ್ನೊಬ್ಬ ಶಿಷ್ಯೆ ರೋಶನ್ ಆರಾ ಬೇಗಂ. 1917ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಮಾಡಿದವರು. 1948ರಲ್ಲಿ ಪತಿಯೊಂದಿಗೆ ಪಾಕಿಸ್ತಾನಕ್ಕೆ ಹೋಗಿ, ಪಂಜಾಬಿನ ಲಾಲಾಮೂಸಾ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಅಲ್ಲಿ ಅವರನ್ನು ಸಂಗೀತದ ರಾಣಿ ಎಂದು ಕರೆದರು. 1982ರಲ್ಲಿ ತೀರಿಕೊಂಡರು. ಗುರು-ಶಿಷ್ಯ ಸಂಬಂಧದ ಲೆಕ್ಕ ಹಿಡಿದರೆ ಆಕೆ ಕುಂದಗೋಳದ ಸವಾಯಿ ಗಂಧರ್ವರ ಗುರುಭಗಿನಿ. ನಮ್ಮ ಗಂಗೂಬಾಯಿಗೂ ಭೀಮಸೇನರಿಗೂ ಗುರುವಿನ ಸ್ಥಾನದಲ್ಲಿ ನಿಲ್ಲುವವರು. ಕನ್ನಡದ ರೂಢಿಯಲ್ಲಿ ಹೇಳುವುದಾದರೆ ಅತ್ತೆ.

ಈಗ ಮೇ 8ರ ಸೂಚನೆಯನ್ನು ಕೈಯಲ್ಲಿ ಹಿಡಿದುಕೊಂಡು ನೋಡಿ. ರೋಶನ್ ಆರಾ ಬೇಗಂ 1947ಕ್ಕೆ ಮೊದಲು ಮುಂಬಯಿಯಲ್ಲಿ ಹಾಡಿದ್ದು ನಮ್ಮ ಪರಂಪರೆ. ಅದೇ ರಾಗವನ್ನು ಅದೇ ಕಂಠದಲ್ಲಿ 1950ರ ನಂತರ ಲಾಹೋರಿನಲ್ಲಿ ಹಾಡಿದ್ದು 'ಪಾಕಿಸ್ತಾನ ಮೂಲದ' ಸರಕು. ಮೂಲ ಎಂಬ ಮಾತಿಗೆ ಅರ್ಥ ಏನು? ಆ ರಾಗದ ಮೂಲ ಎಲ್ಲಿ? ಕೈರಾನಾದಲ್ಲೇ, ಮಿರಜದಲ್ಲೇ, ಲಾಲಾಮೂಸಾದಲ್ಲೇ? ರಾಗಕ್ಕೆ ಪಾಸ್‌ಪೋರ್ಟ್ ಕೇಳುವ ಅಧಿಕಾರಿ ಯಾವ ಪುಟದಲ್ಲಿ ಠಸ್ಸೆ ಹೊಡೆಯುತ್ತಾನೆ?

ಬಡೇ ಗುಲಾಮ್ ಅಲಿ ಖಾನರ ಬದುಕು ಇನ್ನೂ ಸ್ಪಷ್ಟವಾಗಿ ಇದನ್ನೇ ಹೇಳುತ್ತದೆ. ಅವರು ಹುಟ್ಟಿದ್ದು ಇಂದಿನ ಪಾಕಿಸ್ತಾನದ ಕಸೂರಿನಲ್ಲಿ, 1902ರಲ್ಲಿ. ದೇಶ ಒಡೆದಾಗ ಪಾಕಿಸ್ತಾನದವರಾದರು. ಅಲ್ಲಿ ತಮ್ಮ ಸಂಗೀತಕ್ಕೆ ಜಾಗವಿಲ್ಲವೆಂದು ಕಂಡು ಭಾರತಕ್ಕೆ ಮರಳಿದರು. 1957ರ ಸುಮಾರಿಗೆ, ಮೊರಾರ್ಜಿ ದೇಸಾಯಿಯವರ ನೆರವಿನಿಂದ, ಭಾರತದ ಪೌರರಾದರು. 1968ರಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲಿ ಕೊನೆಯುಸಿರೆಳೆದರು. ಹತ್ತು ವರ್ಷ ಅವರ ಠುಮ್ರಿ ಶತ್ರುವಿನದಾಗಿತ್ತೇ, ಪೌರತ್ವದ ಕಾಗದ ಕೈಗೆ ಬಂದ ಮರುದಿನ ಮಿತ್ರನದಾಯಿತೇ? ಕಾಗದ ಬದಲಾದರೂ ಕಂಠ ಒಂದೇ ಇತ್ತು. 1947ರಲ್ಲಿ ಎಳೆದ ಗೆರೆ ಹೊಲಗಳ ನಡುವೆ ಹಾದುಹೋದಂತೆ ಒಂದೇ ಗುರುಮನೆಯ ನಡುವೆಯೂ ಹಾದುಹೋಯಿತು. ಹೊಲ ಹಂಚಿಕೊಳ್ಳಬಹುದು. ಗುರು ಕಲಿಸಿದ ಯಮನ್ ರಾಗವನ್ನು ಹಂಚಿಕೊಳ್ಳುವುದು ಹೇಗೆ?

ಗಡಿ ಎಂದರೇನೆಂದು ಬೆಳಗಾವಿಗೆ ಗೊತ್ತು

ದೇಶದ ಗಡಿ ನಮ್ಮಿಂದ ದೂರ ಇರಬಹುದು. ಆದರೆ ಗಡಿಯ ಜಗಳ ಬೆಳಗಾವಿ ಜಿಲ್ಲೆಗೆ ಹೊಸದಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಿನಿಂದ ಈ ಜಿಲ್ಲೆ ಕನ್ನಡ-ಮರಾಠಿ ರಾಜಕೀಯದ ಹಗ್ಗಜಗ್ಗಾಟದಲ್ಲಿದೆ. 1967ರಲ್ಲಿ ಮಹಾಜನ್ ಆಯೋಗದ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಬಸ್ಸುಗಳಿಗೆ ಮಸಿ ಬಳಿದದ್ದು, ಕಲ್ಲು ತೂರಿದ್ದು ನಾವು ಕಂಡಿದ್ದೇವೆ.

ಈ ಜಗಳ ನಡೆಯುತ್ತಿದ್ದಾಗಲೇ ಭೀಮಸೇನ ಜೋಶಿ ಪುಣೆಯಲ್ಲಿ ಕುಳಿತು ಮರಾಠಿ ಅಭಂಗ ಹಾಡಿದರು, ಕನ್ನಡದ ದಾಸರ ಪದ ಹಾಡಿದರು. ಪುಣೆಯ ಅತಿ ದೊಡ್ಡ ಸಂಗೀತೋತ್ಸವ 1953ರಿಂದ ಕುಂದಗೋಳದ ಕನ್ನಡಿಗ ಸವಾಯಿ ಗಂಧರ್ವರ ಹೆಸರಿನಲ್ಲಿ ನಡೆಯುತ್ತಿದೆ. ಆ ಬಿರುದನ್ನು ಅವರಿಗೆ ಕೊಟ್ಟಿದ್ದೇ ಮರಾಠಿ ರಂಗಭೂಮಿ. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, ಬಾಳಿದ್ದು ಮಧ್ಯಪ್ರದೇಶದ ದೇವಾಸದಲ್ಲಿ, ಹಾಡಿದ್ದು ಕಬೀರನನ್ನು. ಧಾರವಾಡ ಬಳಿಯ ಮನಸೂರಿನ ಲಿಂಗಾಯತ ಮಲ್ಲಿಕಾರ್ಜುನರಿಗೆ ಜಯಪುರ ಘರಾಣೆಯ ವಿದ್ಯೆ ಧಾರೆಯೆರೆದವರು ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್. ಅದೇ ಕಂಠದಲ್ಲಿ ಮನಸೂರರು ಬಸವಣ್ಣನ ವಚನ ಹಾಡಿದರು. ಉತ್ತರದಿಂದ ಬಂದ ಸಿತಾರ ವಾದಕ ರಹಿಮತ್ ಖಾನರು ಧಾರವಾಡದವರೇ ಆಗಿಹೋದರು, ಅವರ ಮನೆಯಲ್ಲಿ ತಲೆಮಾರುಗಳಿಂದ ಸಿತಾರ ನುಡಿಯಿತು. ನಮ್ಮ ಗಾಯಕರ ಹಿಂದೆ ಮೀಟುವ ತಂಬೂರಿಗಳನ್ನು ಮಿರಜದ ಮುಸ್ಲಿಂ ಕುಶಲಕರ್ಮಿಗಳ ಮನೆತನಗಳು ತಯಾರಿಸುತ್ತ ಬಂದಿವೆ. ಆ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ದೊರೆಯಿತು. ಮುರಗೋಡದ ಚಿದಂಬರ ಸ್ವಾಮಿಗಳ ಭಕ್ತರೂ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಇದ್ದಾರೆ. ಆರತಿಗೆ ಬಂದವರನ್ನು ನಿಮ್ಮ ರಾಜ್ಯ ಯಾವುದೆಂದು ಯಾರೂ ಕೇಳುವುದಿಲ್ಲ.

ಈ ಒಡನಾಟದಿಂದ ಬೆಳಗಾವಿ ಕರ್ನಾಟಕದ ಕೈ ತಪ್ಪಿತೇ? ಇಲ್ಲ. ಗಡಿಯ ಪ್ರಶ್ನೆಯನ್ನು ಕೋರ್ಟು ಕಚೇರಿಗಳು ನೋಡಿಕೊಳ್ಳುತ್ತಿವೆ. ಹಾಡು ತನ್ನ ಪಾಡಿಗೆ ತಾನು ಎರಡೂ ಕಡೆ ಓಡಾಡುತ್ತಿದೆ. ಹಾಡು ಓಡಾಡುವುದರಿಂದಲೇ, ಕಲ್ಲು ಬಿದ್ದ ಮರುವಾರ ಎರಡೂ ಕಡೆಯ ಜನ ಒಂದೇ ಸಂತೆಯಲ್ಲಿ ಮತ್ತೆ ಮುಖ ನೋಡುವುದು ಸಾಧ್ಯವಾಗಿದೆ. ದೇಶದ ಗಡಿ ಇದಕ್ಕಿಂತ ಬಹಳ ಗಂಭೀರ, ಅಲ್ಲಿ ಬಂದೂಕುಗಳಿವೆ, ನಿಜ. ಹಾಗಿದ್ದರೆ ಅಲ್ಲಿ ಇಂಥ ಒಂದು ಎಳೆಯ ಅಗತ್ಯವೂ ಹೆಚ್ಚೇ ಹೊರತು ಕಡಿಮೆಯಲ್ಲ.

ಶಿಕ್ಷೆ ಯಾರಿಗೆ?

ಬಹಿಷ್ಕಾರ ಬೇಕೆನ್ನುವವರ ವಾದಗಳನ್ನು ತಳ್ಳಿಹಾಕದೆ ಕೇಳಬೇಕು. ಅವರಲ್ಲಿ ಎಲ್ಲರೂ ದ್ವೇಷದ ವ್ಯಾಪಾರಿಗಳಲ್ಲ. ಬೆಳಗಾವಿ ಮರಾಠಾ ಲಘು ಪದಾತಿ ದಳದ ಕೇಂದ್ರ. ಈ ಜಿಲ್ಲೆಯ ಹಳ್ಳಿಗಳಿಂದ ಸೇನೆ ಸೇರಿದವರು ಬಹಳ. ಮಗ ಗಡಿಯಲ್ಲಿ ನಿಂತಿರುವಾಗ ಗಡಿಯಾಚೆಯವನ ಗಜಲ್ ಕೇಳಲು ನನಗೆ ಮನಸ್ಸಿಲ್ಲ ಎಂದು ತಾಯಿಯೊಬ್ಬಳು ಹೇಳಿದರೆ ಅದಕ್ಕೆ ನಾನು ತಲೆಬಾಗುತ್ತೇನೆ. ಕೇಳದಿರುವುದು ಆಕೆಯ ಹಕ್ಕು. ಆದರೆ ಆಕೆಯ ದುಃಖವನ್ನು ಬಂಡವಾಳ ಮಾಡಿಕೊಂಡು, ಇನ್ನಾರೂ ಕೇಳಕೂಡದು ಎಂದು ಸಭಾಂಗಣಕ್ಕೆ ನುಗ್ಗುವವನ ವಿಷಯ ಬೇರೆ.

2015ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಗುಲಾಮ್ ಅಲಿಯವರ ಕಾರ್ಯಕ್ರಮವನ್ನು ಶಿವಸೇನೆಯ ಬೆದರಿಕೆಯಿಂದ ರದ್ದು ಮಾಡಲಾಯಿತು. ಅದೇ ವರ್ಷ ಏಪ್ರಿಲಿನಲ್ಲಿ ಅದೇ ಗುಲಾಮ್ ಅಲಿ ವಾರಾಣಸಿಯ ಸಂಕಟಮೋಚನ ಹನುಮಂತನ ಗುಡಿಯಲ್ಲಿ ಹಾಡಿದ್ದರು. ಹನುಮಂತನಿಗೆ ಆಗದ ಅಪಚಾರ ಪಕ್ಷದ ಕಾರ್ಯಕರ್ತರಿಗೆ ಆಯಿತು! 2016ರ ಉರಿ ದಾಳಿಯ ನಂತರ, 2019ರ ಪುಲ್ವಾಮಾ ದಾಳಿಯ ನಂತರ ಚಿತ್ರರಂಗದ ಸಂಘಗಳು ಪಾಕಿಸ್ತಾನಿ ಕಲಾವಿದರನ್ನು ನಿಷೇಧಿಸಿದವು. ಈ ನಿಷೇಧಗಳು ಮುಂದಿನ ದಾಳಿಯನ್ನು ತಡೆದವೇ? ತಡೆದಿದ್ದರೆ ಪುಲ್ವಾಮಾ ಆಗುತ್ತಿರಲಿಲ್ಲ, ಪಹಲ್ಗಾಮ್ ಆಗುತ್ತಿರಲಿಲ್ಲ. ಹಾಡಿನಿಂದ ಯುದ್ಧ ನಿಂತಿದೆಯೇ ಎಂದು ಕೇಳುತ್ತಾರೆ. ನಿಂತಿಲ್ಲ. ಹಾಡು ನಿಲ್ಲಿಸಿದ್ದರಿಂದಲೂ ನಿಂತಿಲ್ಲ.

ನಮ್ಮ ಹಣ ಅವರ ಕೈಸೇರಿ ಗುಂಡಾಗಿ ವಾಪಸು ಬರುತ್ತದೆ ಎಂಬುದು ಇನ್ನೊಂದು ವಾದ. ಹಾಗಾದರೆ 2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಪಹಲ್ಗಾಮ್ ಆಗಿ ಐದು ತಿಂಗಳೂ ಕಳೆದಿರಲಿಲ್ಲ. ದುಬೈಯಲ್ಲಿ ಏಷ್ಯಾ ಕಪ್ ಕ್ರಿಕೆಟ್ ನಡೆಯಿತು. ಭಾರತ ಮತ್ತು ಪಾಕಿಸ್ತಾನ ಸೆಪ್ಟೆಂಬರ್ 14, 21 ಮತ್ತು 28ರಂದು ಮೂರು ಬಾರಿ ಆಡಿದವು. ಕೈಕುಲುಕಲಿಲ್ಲ, ಗೆದ್ದ ಮೇಲೆ ಟ್ರೋಫಿಯನ್ನು ಪಾಕಿಸ್ತಾನದ ಸಚಿವರ ಕೈಯಿಂದ ಪಡೆಯಲಿಲ್ಲ. ಆದರೆ ಆಡಿದರು. ಟಿಕೆಟ್ ಮಾರಾಟವಾಯಿತು, ಜಾಹೀರಾತು ಮಾರಾಟವಾಯಿತು. ಎರಡೇ ದೇಶಗಳ ಸರಣಿ ಬೇಡ, ಹಲವು ದೇಶಗಳ ಪಂದ್ಯಾವಳಿಯಾದರೆ ಆಡಬಹುದು ಎಂದು ಕೇಂದ್ರ ಸರಕಾರವೇ ಅದಕ್ಕೂ ಮೊದಲು ನೀತಿ ಪ್ರಕಟಿಸಿತ್ತು. ಕ್ರಿಕೆಟ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆಟ ಆಡಲಿ. ಕೋಟಿಗಟ್ಟಲೆ ಹಣದ ಆಟಕ್ಕೆ ಸಿಗುವ ರಿಯಾಯಿತಿ ಒಬ್ಬ ಗಜಲ್ ಗಾಯಕನಿಗೆ, ಒಬ್ಬ ನಾಟಕದ ನಟಿಗೆ ಯಾಕೆ ಸಿಗುವುದಿಲ್ಲ ಎಂದಷ್ಟೇ ಕೇಳುತ್ತಿದ್ದೇನೆ. ಉತ್ತರ ಸರಳ. ಕ್ರಿಕೆಟಿನ ಹಿಂದೆ ಹಣವಂತರ ಮಂಡಳಿಗಳಿವೆ. ಗಾಯಕನ ಹಿಂದೆ ಒಂದು ಹಾರ್ಮೋನಿಯಂ ಇದೆ. ಯಾರನ್ನು ಹೊಡೆದರೆ ತಿರುಗಿ ಏಟು ಬೀಳುವುದಿಲ್ಲವೋ ಅವರನ್ನು ಹೊಡೆಯುವುದು ಶೌರ್ಯವಲ್ಲ.

ನಮ್ಮ ನ್ಯಾಯಾಲಯಗಳಿಗೆ ಇದು ಅರ್ಥವಾಗಿತ್ತು. ಪಾಕಿಸ್ತಾನಿ ಕಲಾವಿದರಿಗೆ ಸಂಪೂರ್ಣ ನಿಷೇಧ ಹೇರಬೇಕೆಂಬ ಅರ್ಜಿಯನ್ನು 2023ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ವಜಾ ಮಾಡಿತು. ದೇಶಪ್ರೇಮಿಯಾಗಲು ಪರದೇಶದವರನ್ನು, ಅದರಲ್ಲೂ ನೆರೆಯವರನ್ನು ದ್ವೇಷಿಸಬೇಕಾಗಿಲ್ಲ ಎಂಬ ಅರ್ಥದ ಮಾತು ಹೇಳಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನೂ ತಳ್ಳಿಹಾಕಿ, ಇಷ್ಟು ಸಣ್ಣ ಮನಸ್ಸು ಬೇಡವೆಂದು ಅರ್ಜಿದಾರರಿಗೆ ಬುದ್ಧಿ ಹೇಳಿತು. ದೇಶಪ್ರೇಮದ ಅಳತೆಗೋಲು ದ್ವೇಷವಲ್ಲ ಎಂದ ಆ ಮಾತು ಪಹಲ್ಗಾಮ್ ನಂತರ ಹಳತಾಗಿಬಿಡುವಂಥದ್ದಲ್ಲ.

ಗಾಯಕನನ್ನು ದ್ವೇಷಿಸುವವರು ಇನ್ನೂ ಇದ್ದಾರೆ

ಬಹಿಷ್ಕಾರವಾದಿಗಳು ಒಂದು ಸಂಗತಿಯನ್ನು ಎಂದೂ ಹೇಳುವುದಿಲ್ಲ. ಪಾಕಿಸ್ತಾನದ ಗಾಯಕರನ್ನು, ನರ್ತಕಿಯರನ್ನು ಅವರಿಗಿಂತ ಹೆಚ್ಚಾಗಿ ದ್ವೇಷಿಸುವ ಇನ್ನೊಂದು ಗುಂಪಿದೆ. ಬೈಸರನ್‌ನಲ್ಲಿ ಗುಂಡು ಹಾರಿಸಿದಂಥವರ ಗುಂಪು ಅದು. 2010ರ ಜುಲೈಯಲ್ಲಿ ಲಾಹೋರಿನ ದಾತಾ ದರ್ಬಾರ್ ದರ್ಗಾದಲ್ಲಿ ಬಾಂಬ್ ಸಿಡಿಸಿದರು. 2016ರ ಜೂನ್ 22ರಂದು, ರಮಜಾನ್ ತಿಂಗಳಿನಲ್ಲೇ, ಕರಾಚಿಯಲ್ಲಿ ಕವ್ವಾಲಿ ಗಾಯಕ ಅಮ್ಜದ್ ಸಾಬ್ರಿಯವರನ್ನು ಗುಂಡಿಟ್ಟು ಕೊಂದರು. 2017ರ ಫೆಬ್ರವರಿ 16ರಂದು ಸಿಂಧ್ ಪ್ರಾಂತದ ಸೆಹ್ವಾನ್‌ನಲ್ಲಿ, ಲಾಲ್ ಶಹಬಾಜ್ ಕಲಂದರರ ದರ್ಗಾದಲ್ಲಿ ಭಕ್ತರು ನಗಾರಿಯ ಸದ್ದಿಗೆ ಧಮಾಲ್ ಕುಣಿಯುತ್ತಿದ್ದಾಗ ಆತ್ಮಾಹುತಿ ದಾಳಿ ಮಾಡಿ 80ಕ್ಕೂ ಹೆಚ್ಚು ಜನರನ್ನು ಕೊಂದರು. ಕೆಲವೇ ದಿನಗಳ ನಂತರ ಶೀಮಾ ಕೆರ್ಮಾನಿ ಎಂಬ ನರ್ತಕಿ ಆ ದರ್ಗಾಕ್ಕೆ ಹೋಗಿ, ರಕ್ತದ ಕಲೆ ಇನ್ನೂ ಮಾಸದ ಆ ಅಂಗಳದಲ್ಲಿ ಧಮಾಲ್ ಕುಣಿದರು. ಆಕೆ ಭರತನಾಟ್ಯ ಕಲಿತವರು. ಜಿಯಾ ಉಲ್ ಹಕ್ ಆಡಳಿತ ನೃತ್ಯಕ್ಕೆ ತಡೆ ಒಡ್ಡಿದ ಕಾಲದಲ್ಲೂ ಕುಣಿತ ಬಿಡದವರು.

ಭಯೋತ್ಪಾದನೆಯ ವಿರುದ್ಧ ಪಾಕಿಸ್ತಾನದೊಳಗೆ ಬರಿಗೈಯಲ್ಲಿ ನಿಂತವರು ಇಂಥವರು. ಇವರಿಗೆ ನಾವು ಬಾಗಿಲು ಮುಚ್ಚಿದರೆ ಯಾರಿಗೆ ಸಂತೋಷ? ಹಾಡು ಹರಾಮು, ಕುಣಿತ ಹರಾಮು, ಹಿಂದೂಸ್ಥಾನದ ಸಂಪರ್ಕ ಹರಾಮು ಎನ್ನುವ ಬಂದೂಕುಧಾರಿಗೆ. ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಮ್ಮ ಬಹಿಷ್ಕಾರವಾದಿಗಳು ಪೂರ್ತಿ ಮಾಡಿಕೊಡುತ್ತಿದ್ದಾರೆ.

ಪಾಕಿಸ್ತಾನದ ಆಳುವವರು ಸಾಚಾಗಳಲ್ಲ. 1965ರ ಯುದ್ಧದ ನಂತರ ಅವರು ಭಾರತೀಯ ಸಿನೆಮಾಗಳನ್ನು ದಶಕಗಳ ಕಾಲ ನಿಷೇಧಿಸಿದರು. 2016ರಲ್ಲಿ, 2019ರಲ್ಲಿ ಮತ್ತೆ ಅದನ್ನೇ ಮಾಡಿದರು. ತಮ್ಮ ನೆಲದ ರಾಗಸಂಗೀತವನ್ನು 'ಹಿಂದೂಸ್ಥಾನಿ' ಎಂಬ ಒಂದೇ ಕಾರಣಕ್ಕೆ ಮೂಲೆಗುಂಪು ಮಾಡಿ, ಬಡೇ ಗುಲಾಮ್ ಅಲಿಯಂಥವರನ್ನು ಕಳೆದುಕೊಂಡರು. ಲಾಭವೇನಾಯಿತು? ಅಲ್ಲಿ ಸಂಗೀತ ಬಡವಾಯಿತು, ಮತಾಂಧತೆ ಶ್ರೀಮಂತವಾಯಿತು. ಅವರು ಮಾಡಿದರು, ನಾವೂ ಮಾಡೋಣ ಎನ್ನುವವರು ಅವರಂತೆಯೇ ಆಗಲು ಹೊರಟವರು. ನೆರೆಯವನು ತನ್ನ ಬಾವಿಗೆ ಮಣ್ಣು ಹಾಕಿದನೆಂದು ನಾವು ನಮ್ಮ ಬಾವಿಗೂ ಹಾಕಬೇಕೇ? ನಮ್ಮ ಸಮುದಾಯದ ಒಳಗೂ ರಿವಾಯತ ಪದವನ್ನು, ಕವ್ವಾಲಿಯನ್ನು, ದರ್ಗಾದ ಸಂಗೀತವನ್ನು ಧರ್ಮದ ಹೆಸರಿನಲ್ಲಿ ಬೈಯುವವರಿದ್ದಾರೆ. ಒಪ್ಪದಿರುವುದು ಅವರ ನಂಬಿಕೆ. ಹಾಡುವವನ ಬಾಯಿ ಕಟ್ಟುವುದು ಯಾರ ಹಕ್ಕೂ ಅಲ್ಲ.

ನಿಷ್ಠೆಯ ಪರೀಕ್ಷೆ

ಈ ಬಹಿಷ್ಕಾರದ ನಿಜವಾದ ಗುರಿ ಗಡಿಯಾಚೆ ಇಲ್ಲ, ಗಡಿಯೊಳಗೇ ಇದೆ. 2016ರ ಆಗಸ್ಟಿನಲ್ಲಿ ಮಂಡ್ಯದ ಮಾಜಿ ಸಂಸದೆ, ನಟಿ ರಮ್ಯಾ ಸಾರ್ಕ್ ದೇಶಗಳ ಯುವ ಜನಪ್ರತಿನಿಧಿಗಳ ಸಭೆಗೆ ಇಸ್ಲಾಮಾಬಾದಿಗೆ ಹೋಗಿಬಂದು, ಪಾಕಿಸ್ತಾನ ನರಕವಲ್ಲ, ಅಲ್ಲಿನ ಜನರೂ ನಮ್ಮಂತೆಯೇ ಇದ್ದಾರೆ ಎಂದರು. ಇಷ್ಟಕ್ಕೆ ಕೊಡಗಿನ ಸೋಮವಾರಪೇಟೆಯ ನ್ಯಾಯಾಲಯದಲ್ಲಿ ಅವರ ಮೇಲೆ ದೇಶದ್ರೋಹದ ಖಾಸಗಿ ದೂರು ದಾಖಲಾಯಿತು. ಮಂಗಳೂರಿನಲ್ಲಿ ಅವರ ಕಾರಿಗೆ ಮೊಟ್ಟೆ ಎಸೆದರು. ಅತಿಥಿಯಾಗಿ ಹೋದ ಮನೆಯವರನ್ನು ಒಳ್ಳೆಯವರೆಂದದ್ದು ಅವರ ಅಪರಾಧ. 2025ರ ಜೂನ್‌ನಲ್ಲಿ ಪಂಜಾಬಿ ಗಾಯಕ ದಿಲ್ಜಿತ್ ದೊಸಾಂಜ್, ಪಹಲ್ಗಾಮ್‌ಗೆ ಮೊದಲೇ ಚಿತ್ರೀಕರಣವಾಗಿದ್ದ ಸಿನೆಮಾದಲ್ಲಿ ಪಾಕಿಸ್ತಾನಿ ನಟಿಯೊಬ್ಬರಿದ್ದ ಕಾರಣಕ್ಕೆ ದೇಶದ್ರೋಹಿ ಎನಿಸಿಕೊಳ್ಳಬೇಕಾಯಿತು.

ಒಬ್ಬರು ಹಿಂದೂ, ಒಬ್ಬರು ಸಿಖ್. ಇವರ ಪಾಡೇ ಹೀಗಾದರೆ ಮುಸ್ಲಿಮರ ಪಾಡು ಹೇಳಬೇಕಾಗಿಲ್ಲ. ನುಸ್ರತ್ ಫತೇ ಅಲಿ ಖಾನರ ಕವ್ವಾಲಿಯನ್ನು ಕಾಲೇಜು ಹುಡುಗ ಹರೀಶ ಕೇಳಿದರೆ ಅದು ಅಭಿರುಚಿ, ಹನೀಫ ಕೇಳಿದರೆ ಅದು ಒಲವು! ಹನೀಫ ಕೇಳದೆ ಬಿಟ್ಟರೂ ಅನುಮಾನ ತಪ್ಪುವುದಿಲ್ಲ. 2025ರ ಮೇ ತಿಂಗಳಲ್ಲಿ ಸೇನೆಯ ಪರವಾಗಿ ಇಡೀ ದೇಶಕ್ಕೆ ಕಾರ್ಯಾಚರಣೆಯ ವಿವರ ಕೊಟ್ಟವರು ಕರ್ನಲ್ ಸೋಫಿಯಾ ಖುರೇಷಿ, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ಸಮವಸ್ತ್ರದಲ್ಲಿ ದೇಶದ ಪರವಾಗಿ ನಿಂತ ಆಕೆಯನ್ನೇ ಮಧ್ಯಪ್ರದೇಶದ ಸಚಿವರೊಬ್ಬರು ಉಗ್ರರ ಸೋದರಿ ಎಂಬರ್ಥದಲ್ಲಿ ಹೀಯಾಳಿಸಿದರು. ಹೈಕೋರ್ಟೇ ಮುಂದಾಗಿ ಎಫ್‌ಐಆರ್ ದಾಖಲಿಸಲು ಹೇಳಬೇಕಾಯಿತು. ಯುದ್ಧಭೂಮಿಯ ಸೇವೆಯೂ ಸಾಲದ ಈ ಪರೀಕ್ಷೆಯಲ್ಲಿ, ಗಜಲ್ ಕೇಳುವುದನ್ನು ಬಿಟ್ಟರೆ ಪಾಸಾಗುತ್ತೇವೆಂದು ನಂಬುವುದು ಹುಚ್ಚುತನ. ಆದ್ದರಿಂದ ಮುಸ್ಲಿಂ ಗೆಳೆಯರಿಗೆ ನನ್ನ ಮಾತು: ಈ ಪರೀಕ್ಷೆಗೆ ಕುಳಿತುಕೊಳ್ಳಲೇಬೇಡಿ. ಭಯೋತ್ಪಾದನೆಯನ್ನು ಖಂಡಿಸಿ, ಅದು ಮನುಷ್ಯಧರ್ಮ. ಆದರೆ ನಿಮ್ಮ ಕಿವಿಯ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಡಿ.

ಏನು ಮಾಡಬೇಕು?

ಬರೀ ಟೀಕೆಯಿಂದ ಪ್ರಯೋಜನವಿಲ್ಲ. ಭಯೋತ್ಪಾದನೆಗೆ ಹಣ, ಆಯುಧ, ಆಶ್ರಯ ಕೊಡುವವರ ಮೇಲೆ ಸರಕಾರ ಎಷ್ಟು ಕಠಿಣವಾದರೂ ಆಗಲಿ. ಹಾಡು, ನಾಟಕ, ಪುಸ್ತಕ, ಸಿನೆಮಾಗಳನ್ನು ಆ ಪಟ್ಟಿಯಿಂದ ಹೊರಗಿಡಲಿ. ದ್ವೇಷ ಹರಡುವ ಹಾಡಿದ್ದರೆ ಅದಕ್ಕೆ ಕಾನೂನಿದೆ. ಹಾಡಿನ ದೋಷ ನೋಡಿ ಕ್ರಮ ಜರುಗಿಸಲಿ, ಹಾಡುವವನ ಊರು ನೋಡಿ ಅಲ್ಲ.

ಎರಡನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಬೆಳಗಾವಿಯ ಸಂಗೀತ ಸಭೆಗಳು ಸವಾಯಿ ಗಂಧರ್ವರನ್ನು, ಗಂಗೂಬಾಯಿಯನ್ನು ನೆನೆಯುವಾಗ ಲಾಲಾಮೂಸಾದ ರೋಶನ್ ಆರಾ ಬೇಗಂ ಅವರನ್ನೂ ನೆನೆಯಲಿ. ವೀಸಾ ಬೇಡ, ಅನುಮತಿ ಬೇಡ, ದೇಶ ಒಡೆಯುವ ಮುಂಚಿನ ಆಕೆಯ ಹಳೆಯ ಧ್ವನಿಮುದ್ರಿಕೆ ಒಂದಿದ್ದರೆ ಸಾಕು. ಒಂದು ಗುರುಮನೆ ಎರಡು ದೇಶವಾದ ಕಥೆಯನ್ನು ನಮ್ಮ ಶಾಲೆಯ ಮಕ್ಕಳು ಓದಲಿ.

ಮೂರನೆಯದು, ಮುರಗೋಡ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ರಿವಾಯತ ಪದಗಳು, ಹೆಜ್ಜೆ ಮೇಳಗಳು. ಇವನ್ನು ಹಾಡುವ ಹಿರಿಯರು ಇರುವಾಗಲೇ ಅವರ ಪದಗಳನ್ನು ಅವರ ದನಿಯಲ್ಲೇ ಮುದ್ರಿಸಿಡಬೇಕು. ವಿಶ್ವವಿದ್ಯಾಲಯಗಳು, ಜಾನಪದ ಅಕಾಡೆಮಿ ಮಾಡಲಿ. ಅವರು ಮಾಡದಿದ್ದರೆ ಊರಿನ ಯುವಕರೇ ಮಾಡಲಿ, ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಕೋಮುದ್ವೇಷಕ್ಕೆ ದಿನಕ್ಕೆ ನೂರು ವಿಡಿಯೋ ಹರಿಯುವಾಗ, ಕರ್ಬಲಾದ ದುಃಖವನ್ನು ಕುರುಬರ ಹುಡುಗ ಕನ್ನಡದಲ್ಲಿ ಹಾಡುವ ಒಂದು ವಿಡಿಯೋವಾದರೂ ಹರಿಯಲಿ.

ಸರಕಾರಗಳು ಗಡಿ ಕಾಯಲಿ, ಅದು ಅವುಗಳ ಹೊಣೆ. ಸೈನಿಕ ಗಡಿಯಲ್ಲಿ ನಿಂತದ್ದು ಅದರೊಳಗಿನ ಬದುಕು ನಡೆಯಲೆಂದು. ಗುಡಿ-ಮಸೀದಿ, ಸಂತೆ-ಜಾತ್ರೆ, ಹಾಡು-ಕುಣಿತ ಎಲ್ಲ ಸೇರಿದ ಬದುಕು ಅದು. ಕೈರಾನಾದಿಂದ ಬಂದ ಸ್ವರವನ್ನು ಕುಂದಗೋಳ ತನ್ನದಾಗಿಸಿಕೊಂಡಿತು, ಕರ್ಬಲಾದಿಂದ ಬಂದ ಅಳುವನ್ನು ಹಿರೇಬಿದನೂರು ತನ್ನದಾಗಿಸಿಕೊಂಡಿತು. ಸೈನಿಕನ ಹೆಸರು ಹೇಳಿಕೊಂಡು ಇದನ್ನೇ ನಿಲ್ಲಿಸಲು ಹೊರಟವರು ಆತ ಕಾಯುತ್ತಿರುವುದು ಏನನ್ನು ಎಂದು ಒಮ್ಮೆ ಯೋಚಿಸಲಿ.